ಮೇಡಂ ಅವರ ಯಜಮಾನರು

ಹಲ್ಲು ಕಟ್ಟುವುದರಲ್ಲಿ ಅವನ ಕೈಗೆ ಸಮನಾದ ಕೈ ಆ ಊರಿನಲ್ಲಿ ಇರಲಿಲ್ಲ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುವರು; ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ತಿದ್ದಿ, ಇಪ್ಪತ್ತೆಂಟು ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ ಪೂರ್ತಿ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಊರವರು ಅವನನ್ನು ಹಲ್ಲು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ದಾರಿಯಲ್ಲಿ ಎದುರಾದ ಮುದುಕರು ಮಾತಿಗೆ ಮೊದಲು ಬಾಯಿತುಂಬ ನಕ್ಕು, ಅವನ ಕೆಲಸವನ್ನು ಅವನಿಗೇ ತೋರಿಸಿ ಮುಂದೆ ಹೋಗುತ್ತಿದ್ದರು.

ಹೆಂಡತಿಗೆ ಕಸುಬು ಕಲಿಸಿದವನೂ ಅವನೇ. ಮದುವೆಯಾದ ಎರಡನೇ ವರ್ಷ, ಮನೆಯಲ್ಲಿ ಕೂತು ಬೇಜಾರು ಎಂದು ಅವನ ಎರಡು ಕೋಣೆಯ ವರ್ಕ್‌ಶಾಪಿಗೆ ಬಂದವಳು ಮೊದಲು ಪ್ಲಾಸ್ಟರ್ ಕಲೆಸಿದಳು, ಆಮೇಲೆ ಮೇಣ ಕಾಯಿಸಿದಳು, ಅದಾದ ಮೇಲೆ ಒಂದು ದಿನ ಅವನು ಜ್ವರದಿಂದ ಮಲಗಿದ್ದಾಗ ತಾನೇ ಒಂದು ಸೆಟ್ಟು ಮುಗಿಸಿ ಕಳಿಸಿಬಿಟ್ಟಳು. ಅಂದಿನಿಂದ ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ದುಡಿದರು. ಯಾರಾದರೂ ಅವಳ ಕೆಲಸವನ್ನು ಹೊಗಳಿದರೆ ಅವನಿಗೆ ಹಿಗ್ಗು. "ನನ್ನ ಶಿಷ್ಯೆ" ಎನ್ನುತ್ತಿದ್ದ. ಶಿಷ್ಯೆಯಾಗಿದ್ದಷ್ಟು ದಿನವೂ ಆ ಹಿಗ್ಗಿಗೆ ಕೊರತೆಯಾಗಲಿಲ್ಲ.

ದೂರದ ದೊಡ್ಡ ನಗರದ ದಂತ ಆಸ್ಪತ್ರೆಯೊಂದಕ್ಕೆ ಹಲ್ಲು ಕಟ್ಟುವ ವಿಭಾಗದ ಮುಖ್ಯಸ್ಥರು ಬೇಕಾಗಿದ್ದರು. ಅವನು ಅರ್ಜಿ ಹಾಕಿದ. ಜೊತೆಗೆ ಇರಲಿ ಎಂದು ಅವಳ ಕೈಯಲ್ಲೂ ಹಾಕಿಸಿದ. ಹಾಗೆ ಹಾಕಿಸಿದವನು ತಾನೇ ಎಂಬುದು ಆಮೇಲೆ ಎಷ್ಟೋ ತಿಂಗಳು ಅವನನ್ನು ಕುಟುಕಿತು. ಪರೀಕ್ಷೆಗೆ ಬಂದ ಎಲ್ಲರಿಗೂ ಒಬ್ಬಳೇ ಮುದುಕಿಯ ಬಾಯಿಯ ಅಚ್ಚು ಕೊಟ್ಟು, ನಾಲ್ಕು ಗಂಟೆಯಲ್ಲಿ ಸೆಟ್ಟು ಮಾಡಿ ಎಂದರು. ಅವನು ತಲೆ ಎತ್ತದೆ ಕೆಲಸ ಮಾಡಿ, ಮುತ್ತು ಪೋಣಿಸಿದಂತೆ ಹಲ್ಲು ಕೂರಿಸಿ, ಮೂರೂವರೆ ಗಂಟೆಯಲ್ಲೇ ಮುಗಿಸಿ ಎದ್ದ. ಇವಳು ಮೊದಲ ಅರ್ಧ ಗಂಟೆ ಕೆಲಸವನ್ನೇ ಮುಟ್ಟಲಿಲ್ಲ. ಹೊರಗೆ ಕೂತಿದ್ದ ಆ ಮುದುಕಿಯ ಹತ್ತಿರ ಹೋಗಿ ಅದೂ ಇದೂ ಮಾತಾಡಿಸಿ, ನಗಿಸಿ, ಅವಳ ಪರ್ಸಿನಲ್ಲಿದ್ದ, ಅವಳದೇ ವಯಸ್ಸಿನ ಕಾಲದ ಹಳೆಯ ಫೋಟೋ ನೋಡಿ ಬಂದಳು. ಬಂದವಳು ಮುಂದಿನ ಒಂದು ಹಲ್ಲನ್ನು ಬೇಕೆಂದೇ ಕೊಂಚ ಸೊಟ್ಟ ಕೂರಿಸಿದಳು.

ಆಸ್ಪತ್ರೆಯ ದೊಡ್ಡ ಡಾಕ್ಟರು, ಬೋಳುತಲೆಯ ಮೆಲುದನಿಯ ಮನುಷ್ಯ, ಎರಡೂ ಸೆಟ್ಟುಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. "ಇವು ಹಲ್ಲು," ಎಂದರು ಅವನ ಕೆಲಸ ತೋರಿಸಿ. "ಇವು ಆಕೆಯ ಹಲ್ಲು."

ಕೆಲಸ ಅವಳಿಗೆ ಸಿಕ್ಕಿತು.

ಬಸ್ಸಿನಲ್ಲಿ ವಾಪಸು ಬರುವಾಗ ಅವಳು, "ಬೇಡ ಅಂದ್ರೆ ಬೇಡ ಅನ್ನಿ. ನಾನು ಹೋಗಲ್ಲ," ಎಂದಳು. ಅವಳು ಅದನ್ನು ಮನಸ್ಸಿನಿಂದಲೇ ಹೇಳಿದ್ದಳು. ಅವನಿಗೂ ಗೊತ್ತಿತ್ತು. ಬೇಡ ಎನ್ನಲು ಒಂದು ಕಾರಣ ಬೇಕಲ್ಲ? ಇದ್ದದ್ದು ಒಂದೇ ಕಾರಣ, ಅದು ಬಾಯಿಬಿಟ್ಟು ಹೇಳುವಂಥದ್ದಲ್ಲ. "ಛೆ, ಛೆ. ನಿನಗೆ ಸಿಕ್ಕಿದ್ರೇನು ನನಗೆ ಸಿಕ್ಕಿದ್ರೇನು," ಎಂದು ನಕ್ಕ. ಆ ನಗೆ ಅವನು ಮಾಡಿದ ಸೆಟ್ಟಿನಂತೆಯೇ ಇತ್ತು. ಒಂದು ಹಲ್ಲೂ ಸೊಟ್ಟ ಇರಲಿಲ್ಲ.

ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಹದಿಮೂರರ ಚಿಕ್ಕವಳು ಸುದ್ದಿ ಕೇಳಿದ ಕೂಡಲೇ, "ಹೊಸ ಮನೇಲಿ ಲಿಫ್ಟ್ ಇದ್ಯಾ?" ಎಂದಳು. ಇದೆ ಎಂದಾಗ ಅವಳ ಪಾಲಿನ ಚರ್ಚೆ ಮುಗಿಯಿತು. ಹದಿನಾರರ ದೊಡ್ಡವಳು ಮಾತ್ರ ತಟ್ಟೆ ಸರಿಸಿ ಎದ್ದಳು. "ಇನ್ನೆರಡು ವರ್ಷ ತಡೀಬಾರದಾ? ನನ್ನ ಸ್ಕೂಲು, ನನ್ನ ಫ್ರೆಂಡ್ಸು... ಎಲ್ಲಾ ನಿಮಗೆ ಲೆಕ್ಕಕ್ಕೇ ಇಲ್ಲ ಅಲ್ವಾ?" ಎಂದು ಬಾಗಿಲು ಬಡಿದಳು. ಹೆಂಡತಿಯ ಮುಖ ಸಣ್ಣದಾಯಿತು. ಆ ಬಾಗಿಲು ಬಡಿದ ಸದ್ದು ಅವನ ಎದೆಗೆ ಮಾತ್ರ ತಂಪೆರೆಯಿತು. ತಾನು ಆಡಲಾಗದ್ದನ್ನು ಆಡುವ ಬಾಯಿ ಮನೆಯಲ್ಲೇ ಇತ್ತು.

ಹೊಸ ಮನೆ ನಾಲ್ಕನೇ ಮಹಡಿಯಲ್ಲಿ. ಅಡುಗೆಮನೆಯ ಕಿಟಕಿಯಿಂದ ಬಗ್ಗಿದರೆ ಬಸ್‌ಸ್ಟಾಪು, ಒಂದು ಲಾಂಡ್ರಿ, ಸದಾ ಮುಚ್ಚಿಯೇ ಇರುವ ಒಂದು ಚಪ್ಪಲಿ ಅಂಗಡಿ. ಹೆಂಡತಿ ಎಂಟು ಗಂಟೆಗೆ ಹೊರಟರೆ ಬರುವುದು ಸಂಜೆ ಆರಕ್ಕೆ. ಅವನಿಗೆ ಕೆಲಸ ಹುಡುಕಬೇಕಿತ್ತು. ಪೆಟ್ಟಿಗೆ ಬಿಚ್ಚಿ ಮುಗಿಯಲಿ ಎಂದ, ಮಕ್ಕಳು ಒಗ್ಗಲಿ ಎಂದ, ಹೀಗೆ ಮುಂದೂಡಿದ. ಪಾತ್ರೆ ತೊಳೆದ, ಪರದೆ ಹಾಕಿದ, ತರಕಾರಿ ತಂದ. ಅದರಲ್ಲಿ ಅವನಿಗೆ ನಾಚಿಕೆಯೇನೂ ಇರಲಿಲ್ಲ. ಸಂಜೆ ಅವಳು ಒಳಗೆ ಬಂದಾಗ ಅವಳ ತೋಳಿನಿಂದ ಬರುವ ವಾಸನೆಯನ್ನು ಮಾತ್ರ ತಡೆಯಲಾಗುತ್ತಿರಲಿಲ್ಲ. ಕಾಯಿಸಿದ ಮೇಣ, ಒದ್ದೆ ಪ್ಲಾಸ್ಟರು, ಅಕ್ರಿಲಿಕ್ ಕಲೆಸುವ ದ್ರವದ ಮೂಗಿಗೇರುವ ಘಾಟು. ಇಪ್ಪತ್ತೆರಡು ವರ್ಷ ಅದು ಅವನ ಮೈಯ ವಾಸನೆಯಾಗಿತ್ತು. ಈಗ ಅವನ ಕೈಗೆ ಸೋಪಿನ ವಾಸನೆ.

ಫೋನುಗಳು ಬರುತ್ತಿದ್ದವು. "ಮೇಡಂ ಇದ್ದಾರಾ?" ಎಂದು ಅವಳ ಕೈಕೆಳಗಿನವರು ಕೇಳುತ್ತಿದ್ದರು. "ನೀವು ಮೇಡಂ ಅವರ ಯಜಮಾನ್ರಾ ಸಾರ್? ಏನು ಅದೃಷ್ಟ ಸಾರ್ ನಿಮ್ದು! ಮೇಡಂ ಕೈ ಅಂದ್ರೆ ಕೈ!"

"ಹೌದು ಹೌದು," ಎನ್ನುತ್ತಿದ್ದ ಅವನು. ಆ ಕೈಗೆ ಮೇಣ ತಿದ್ದುವ ಚಾಕು ಹಿಡಿಯಲು ಕಲಿಸಿದ್ದು ಯಾರು ಎಂದು ಒಬ್ಬನೂ ಕೇಳಲಿಲ್ಲ. ಊಟಕ್ಕೆ ಕೂತಾಗ ಅವಳು ಆಸ್ಪತ್ರೆಯ ಸುದ್ದಿ ತೆಗೆದರೆ ಅವನು ಹೂಂಗುಟ್ಟುತ್ತ ತಪ್ಪು ಹುಡುಕುತ್ತಿದ್ದ. ಆ ಮೇಣ ಸರಿಯಿಲ್ಲ, ಆ ಕುಲುಮೆ ಬೇಗ ಕಾಯುತ್ತದೆ, ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಅವಳು ಸುದ್ದಿ ಹೇಳುವುದನ್ನು ಬರಬರುತ್ತ ಕಡಿಮೆ ಮಾಡಿದಳು. ಅದೂ ಅವನಿಗೆ ಉರಿಯಿತು: ನೋಡಿ, ಈಗ ಹೇಳುವುದೂ ಇಲ್ಲ!

ಅವನಿಗೆ ನೆಮ್ಮದಿ ಸಿಗುತ್ತಿದ್ದದ್ದು ಮಧ್ಯಾಹ್ನ ನಾಲ್ಕರಿಂದ ಆರರವರೆಗೆ ಮಾತ್ರ. ದೊಡ್ಡವಳು ಸ್ಕೂಲಿನಿಂದ ಬಂದು, ಬ್ಯಾಗು ಎಸೆದು, ಅಡುಗೆಮನೆಯ ಸ್ಟೂಲಿನ ಮೇಲೆ ಮುಖ ಊದಿಸಿಕೊಂಡು ಕೂರುವಳು. ಅವನು ಟೀ ಮಾಡಿ ಎದುರಿಗೆ ಕೂರುವನು. ಅಪ್ಪ ಮಗಳು ಸೇರಿ ಆ ನಗರವನ್ನು ಬೇರುಸಹಿತ ಕಿತ್ತು ಒಗೆಯುವರು.

"ಇಲ್ಲಿ ನೀರಿಗೂ ರುಚಿ ಇಲ್ಲ," ಎಂದು ಅವನು ಶುರುಮಾಡುವನು.

"ಇಲ್ಲಿ ಜನ ನಕ್ಕರೂ ಬಿಲ್ ಕಳಿಸ್ತಾರೇನೋ ಅಪ್ಪ."

"ಎದುರುಮನೆಯವನು ಮೂರು ತಿಂಗಳಿಂದ ನನ್ನ ಮುಖ ನೋಡಿಲ್ಲ. ಶೂ ಮಾತ್ರ ನೋಡ್ತಾನೆ."

ಚಿಕ್ಕವಳು ಬಂದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ಅವಳು ಲಿಫ್ಟಿನಲ್ಲಿ ಏಳು ಜನರ ಸ್ನೇಹ ಮಾಡಿಕೊಂಡಿದ್ದಳು, ಪಕ್ಷದ್ರೋಹಿ. "ನಿನಗೆ ಇಲ್ಲಿ ಆಗ್ತಿಲ್ಲ ಅಂದ್ರೆ ಅಮ್ಮನ ಹತ್ರ ಹೇಳು ಪುಟ್ಟಾ," ಎಂದು ಅವನು ದೊಡ್ಡವಳ ತಲೆ ಸವರುತ್ತಿದ್ದ. "ಒಳಗೇ ಇಟ್ಕೊಂಡು ಕೊರಗಬೇಡ." ಹೊರಗಿನಿಂದ ಕೇಳಿದರೆ ಎಂಥ ಕಕ್ಕುಲಾತಿಯ ಅಪ್ಪ! ಒಳಗೆ ಅವನು ಆರದಂತೆ ಕೆಂಡಕ್ಕೆ ಊದುತ್ತಿದ್ದ.

ಹಾಗಿರುವಾಗ ಸ್ಕೂಲಿನಿಂದ ಒಂದು ಪತ್ರ ಬಂತು. ಬೇರೆ ಊರಿಂದ ಬಂದ ಮಕ್ಕಳು ಹೇಗೆ ಹೊಂದಿಕೊಳ್ಳುತ್ತಿದ್ದಾರೆ ಎಂದು ತಂದೆತಾಯಿ ತುಂಬಿ ಕಳಿಸಬೇಕು. ಒಂದು ಮಧ್ಯಾಹ್ನ ಅವನೊಬ್ಬನೇ ಕೂತು ಬರೆದ. ಮಗಳು ದಿನಾ ಅಳುತ್ತಾಳೆ. ಸರಿಯಾಗಿ ಊಟ ಮಾಡುವುದಿಲ್ಲ. ವಾಪಸು ಹೋಗುವ ಮಾತೇ ಆಡುತ್ತಾಳೆ. ಅವಳು ಮುಖ ಊದಿಸಿದ್ದು ಹೌದು. ಅತ್ತದ್ದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಊಟವಂತೂ ಗಡದ್ದಾಗಿಯೇ ನಡೆದಿತ್ತು. ಪೆನ್ನು ಕೆಳಗಿಡುವಾಗ ಅವನ ಕಿವಿ ಬಿಸಿಯಾಗಿತ್ತು. ಹರಿದು ಹಾಕಬಹುದಿತ್ತು. ಹಾಕಲಿಲ್ಲ.

ನಾಲ್ಕನೆಯ ದಿನ ಸ್ಕೂಲಿನವರು ಹೆಂಡತಿಯ ಆಸ್ಪತ್ರೆಗೆ ಫೋನು ಮಾಡಿದರು. ಅಂದು ಅವಳು ಮನೆಗೆ ಬಂದು ಬ್ಯಾಗನ್ನೂ ಇಳಿಸದೆ ಬಾಗಿಲಲ್ಲೇ ನಿಂತಳು.

"ಅವಳು ದಿನಾ ಅಳ್ತಾಳಂತೆ. ನಿಮಗೆ ಗೊತ್ತಿತ್ತಾ?"

"ನಿನಗೆ ಹೇಳಿದ್ರೆ ನೊಂದ್ಕೋತೀಯ ಅಂತ..." ಎಂದ ಅವನು.

ಅವಳು ಮಗಳನ್ನು ಏನೂ ಕೇಳಲಿಲ್ಲ; ಕೇಳಿದರೆ ಇನ್ನಷ್ಟು ಅಳುತ್ತಾಳೆಂದು ಹೆದರಿದಳು. ಆ ವಾರವೆಲ್ಲ ಮಗಳ ತಟ್ಟೆಯನ್ನೇ ನೋಡುತ್ತಿದ್ದಳು. ದೊಡ್ಡವಳು ಕಸಿವಿಸಿಗೊಂಡು ಊಟ ಬಿಟ್ಟು ಏಳುತ್ತಿದ್ದಳು. ಅದನ್ನು ಕಂಡು ತಾಯಿಗೆ ಅನುಮಾನ ಗಟ್ಟಿಯಾಗುತ್ತಿತ್ತು. ಹೊಸಬರಿಗೆ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳ ತಾತ್ಕಾಲಿಕ ಅವಧಿ. ಅದು ಮುಗಿದ ಮೇಲೆ ಕಾಯಂ ಕಾಗದಕ್ಕೆ ಸಹಿ ಹಾಕಬೇಕು. ಆ ಭಾನುವಾರ ಊಟವಾದ ಮೇಲೆ ಅವಳು ಕಾಗದ ಪೆನ್ನು ತಂದು ಮೇಜಿನ ಮುಂದೆ ಕೂತಳು. ಬರೆದು ಅವನ ಕಡೆ ಸರಿಸಿದಳು. ಮನೆಯ ಕಾರಣಗಳಿಂದ ಕೆಲಸದಲ್ಲಿ ಮುಂದುವರಿಯಲಾಗುತ್ತಿಲ್ಲ, ಕ್ಷಮಿಸಬೇಕು. ಅಷ್ಟೇ.

"ಬುಧವಾರ ಕೊಡ್ತೀನಿ. ನೀವು ಅಷ್ಟರಲ್ಲಿ ಸ್ಕೂಲಿಗೆ ಹೋಗಿ ವರ್ಗಾವಣೆ ಪತ್ರಕ್ಕೆ ಅರ್ಜಿ ಕೊಟ್ಬಿಡಿ," ಎಂದಳು. ಪೆನ್ನು ಮುಚ್ಚಿ, "ಕೆಲಸ ಚೆನ್ನಾಗಿತ್ತು ಕಣ್ರೀ," ಎಂದು ಎದ್ದು ಹೋಗಿ ಬಟ್ಟೆ ಮಡಿಸತೊಡಗಿದಳು.

ಬಯಸಿದ್ದು ಕೈಗೆ ಬಂದಿತ್ತು. ಅವನು ಆ ಕಾಗದವನ್ನು ಎರಡು ಸಲ ಓದಿದ. ಸಂತೋಷ ಎಲ್ಲೋ ದಾರಿಯಲ್ಲಿದೆ, ಇನ್ನೇನು ಬರುತ್ತದೆ ಎಂದು ಕಾದ.

ಬುಧವಾರ ಹನ್ನೊಂದು ಗಂಟೆಗೆ ಸ್ಕೂಲಿಗೆ ಹೋದ. ಆಫೀಸಿನ ಗುಮಾಸ್ತೆ ಮಗಳ ಹೆಸರು ಕೇಳಿ ಹುಬ್ಬು ಹಾರಿಸಿದಳು. "ಓ! ಕ್ಯಾಪ್ಟನ್ ಅಪ್ಪನಾ ನೀವು?"

"ಯಾವ ಕ್ಯಾಪ್ಟನ್?"

"ನಿಮ್ಮ ಮಗಳನ್ನ ಇಲ್ಲಿ ಎಲ್ಲರೂ ಹಾಗೇ ಕರೆಯೋದು. ದೋಣಿ ಕ್ಯಾಪ್ಟನ್. ಹಿಂದ್ಗಡೆ ಮರಗೆಲಸದ ಶೆಡ್ಡಲ್ಲಿದ್ದಾಳೆ, ನೋಡಿ ಬನ್ನಿ. ಅಷ್ಟರಲ್ಲಿ ಅರ್ಜಿ ಹುಡುಕಿ ಇಟ್ಟಿರ್ತೀನಿ."

ಮನೆಯಲ್ಲಿ ಅವನು ಹೆಂಡತಿಯ ಗಂಡ. ಇಲ್ಲಿಯೂ ಇನ್ಯಾರದೋ ಅಪ್ಪ. ಗೊಣಗಿಕೊಂಡೇ ಆಟದ ಬಯಲು ದಾಟಿ ಶೆಡ್ಡಿನ ಕಡೆ ನಡೆದ. ಒಳಗೆ ಎರಡು ಆಳುದ್ದದ ಒಂದು ಮರದ ದೋಣಿ ಕವುಚಿ ಬಿದ್ದಿತ್ತು. ಅದರ ಸುತ್ತ ಏಳೆಂಟು ಹುಡುಗ ಹುಡುಗಿಯರು, ಎಲ್ಲರ ತಲೆಯ ಮೇಲೂ ಮರದ ಹೊಟ್ಟು. ಮುಖ ಒಂದೂ ಗುರುತು ಸಿಗಲಿಲ್ಲ. ಅವನಿಗೆ ಗುರುತು ಸಿಕ್ಕಿದ್ದು ಹಲ್ಲು. ದೋಣಿಯ ಆಚೆ ಬದಿಯಲ್ಲಿ ಒಬ್ಬಳು ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ಮೇಲಿನ ಸಾಲು, ಕೆಳಗಿನ ಸಾಲು, ಹಿಂದಿನ ದವಡೆಯವರೆಗೂ ಕಾಣುವಷ್ಟು ಅಗಲವಾಗಿ. ಆ ಬಾಯಲ್ಲಿ ಮೊದಲ ಹಲ್ಲು ಮೂಡಿದ ದಿನ ಬೆರಳಿಟ್ಟು ನೋಡಿದವನು ಅವನು. ನಾಲ್ಕು ತಿಂಗಳಿಂದ ಆ ಹಲ್ಲುಗಳನ್ನು ಅವನು ಕಂಡಿರಲೇ ಇಲ್ಲ.

ಬಿಳಿಗಡ್ಡದ ಮರಗೆಲಸದ ಮೇಷ್ಟರು ಅವಳ ಪಕ್ಕಕ್ಕೆ ಬಂದು, ಉಜ್ಜುಗೊರಡು ಹಿಡಿದ ಅವಳ ಮಣಿಕಟ್ಟನ್ನು ಒಂಚೂರು ತಿರುಗಿಸಿದರು. "ಮರ ಯಾವ ಕಡೆ ಮಲಗಿದ್ಯೋ ಆ ಕಡೆ ತಳ್ಳು. ಅದರ ಜೊತೆ ಜಗಳ ಬೇಡ." ಅವಳು ತಳ್ಳಿದಳು. ಮರದ ಹೆರೆ ಸುರುಳಿಯಾಗಿ ಎದ್ದು ಬಿತ್ತು. "ಬಂತು ಮೇಷ್ಟ್ರೇ!" ಎಂದು ಕೂಗಿದಳು.

ಮೇಷ್ಟ್ರೇ! ಹೆಂಡತಿಗೆ ಕೆಲಸ ಸಿಕ್ಕಾಗ ಆದದ್ದು ಬರೀ ಹೊಟ್ಟೆಯುರಿ. ಇದು ಬೆಂಕಿಗೆ ಕೈ ಇಟ್ಟಂತಾಯಿತು. ಹದಿನಾರು ವರ್ಷದಲ್ಲಿ ಮಗಳು ಅವನ ಬೆಂಚಿನ ಹತ್ತಿರ ಕಲಿಯುತ್ತೇನೆಂದು ಬಂದವಳಲ್ಲ. ಆ ಗಡ್ಡದವನನ್ನು ಅಲ್ಲಿಂದ ಎಬ್ಬಿಸಿ ಓಡಿಸಬೇಕು ಎನ್ನಿಸಿತು. ಆಗಲೇ ಅವಳು ತಲೆ ಎತ್ತಿ ಅವನನ್ನು ಕಂಡಳು. ಕಂಡ ಕೂಡಲೇ ಬಾಯಿ ಮುಚ್ಚಿತು. ಮುಖ ತಾನಾಗಿ ಊದಿಕೊಂಡಿತು. ಅಡುಗೆಮನೆಯ ಸ್ಟೂಲಿನ ಮೇಲಿನ ಮುಖ. ಅದು ಅಷ್ಟು ಚುರುಕಾಗಿ ಬಂತೆಂದರೆ, ದಿನಾ ನಾಲ್ಕು ಗಂಟೆಗೆ ಲಿಫ್ಟಿನಲ್ಲಿ ಅವಳು ಅದನ್ನು ಹಾಕಿಕೊಂಡೇ ಮೇಲೆ ಬರುತ್ತಿದ್ದಳೆಂದು ಅವನಿಗೆ ಹೊಳೆಯಿತು.

ಇಬ್ಬರೂ ಹೊರಗೆ ಕಲ್ಲುಬೆಂಚಿನ ಮೇಲೆ ಕೂತರು.

"ಎಷ್ಟು ದಿನದಿಂದ?" ಎಂದ.

"ಏನು?"

"ಈ ದೋಣಿ. ಈ ನಗು."

ಅವಳು ಉಗುರಿನೊಳಗಿನ ಹೊಟ್ಟು ಕೆದಕಿದಳು. "ಎರಡನೇ ತಿಂಗಳಿಂದ. ಮೊದಲನೇ ತಿಂಗಳು ನಿಜವಾಗ್ಲೂ ಹಿಂಸೆ ಇತ್ತು ಅಪ್ಪ. ಆಮೇಲೆ..."

"ಮತ್ತೆ ಮನೇಲಿ ಯಾಕೆ ಹಾಗೆ?"

"ಅಮ್ಮಂಗೆ ಕೆಲಸ ಇದೆ. ಚಿಕ್ಕೋಳಿಗೆ ಲಿಫ್ಟ್ ಇದೆ," ಎಂದಳು. "ನಾನೂ ಖುಷಿಯಾಗಿದೀನಿ ಅಂದ್ಬಿಟ್ರೆ, ನೀನು ಒಬ್ನೇ ಆಗ್ತಿದ್ದೆ."

ಅವನು ಬಯಲಿನ ಕಡೆ ನೋಡುತ್ತ ಕೂತ. ಅವಳಿಗೆ ಅನುಮಾನ ಬಂದು, "ನೀನ್ಯಾಕೆ ಬಂದೆ?" ಎಂದಳು. ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಎರಡು ಸುಳ್ಳು ಬಂದೂ ಇದ್ದವು. ಅವನು ಇದ್ದದ್ದನ್ನೇ ಹೇಳಿದ: ಅಮ್ಮ ಕೆಲಸ ಬಿಡುತ್ತಿದ್ದಾಳೆ, ಇವತ್ತೇ ಕಾಗದ ಕೊಡುತ್ತಾಳೆ, ನೀನು ದಿನಾ ಅಳುತ್ತೀಯೆಂದು.

"ನಾನಾ? ಯಾರು ಹೇಳಿದ್ದು?"

"ಸ್ಕೂಲಿಂದ ಕಾಗದ ಬಂದಿತ್ತು. ನಾನೇ ಬರೆದೆ."

ಮಗಳು ಅವನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ನಾನು ನಿನ್ನ ಜೊತೆಗಿರೋಣ ಅಂತ ಮುಖ ಊದಿಸ್ಕೊಂಡೆ. ನೀನು ಅದನ್ನ ತಗೊಂಡು ಹೋಗಿ ಅಮ್ಮನ ಮೇಲೆ ಹಾಕ್ದೆ," ಎಂದಳು. ಈಗ ನಿಜವಾಗಿಯೂ ಕಣ್ಣಲ್ಲಿ ನೀರಿತ್ತು. ಎದ್ದು, ಶೆಡ್ಡಿನ ಬಾಗಿಲವರೆಗೂ ಹೋಗಿ, ತಿರುಗಿ ಹೇಳಿದಳು: "ಇನ್ನೂ ಹನ್ನೆರಡು ಗಂಟೆ. ಅಮ್ಮ ಕಾಗದ ಕೊಡೋದು ಎಷ್ಟೊತ್ತಿಗೆ?"

ಅವನು ಗುಮಾಸ್ತೆಯ ಹತ್ತಿರ ಅರ್ಜಿ ತೆಗೆದುಕೊಳ್ಳಲಿಲ್ಲ. ಬಸ್ಸಿಗೆ ಕಾಯುವ ತಾಳ್ಮೆಯಿಲ್ಲದೆ ನಡೆದೇ ಹೋದ. ನಾಲ್ಕು ತಿಂಗಳಲ್ಲಿ ಒಂದು ದಿನವೂ ಅವನು ಆ ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ. ಹೆಂಡತಿ ಕರೆದಾಗಲೆಲ್ಲ ಅವನಿಗೆ ತಲೆನೋವು ಬರುತ್ತಿತ್ತು. ಹಲ್ಲು ಕಟ್ಟುವ ವಿಭಾಗ ಮೂರನೆಯ ಮಹಡಿ. ಉದ್ದನೆಯ ಕೋಣೆ, ಉತ್ತರದ ಬೆಳಕು, ಆರು ಬೆಂಚು. ಕೊನೆಯ ಬೆಂಚಿನಲ್ಲಿ ಅವಳು ಮೇಣದ ಒಸಡಿಗೆ ಸಣ್ಣ ಚಾಕುವಿನಿಂದ ಗೆರೆ ಕೊಡುತ್ತಿದ್ದಳು. ಒಬ್ಬ ಹುಡುಗಿ ಪಕ್ಕದಲ್ಲಿ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಅವನೂ ನಿಂತು ನೋಡಿದ. ಚಾಕು ಹಿಡಿಯುವ ರೀತಿ ಅವನದೇ. ಆಮೇಲೆ ಅದು ಹೋದ ದಾರಿ ಅವನದಲ್ಲ. ಒಸಡಿನ ಅಂಚು ಬದುಕಿರುವ ಬಾಯಿಯದರಂತೆ ಒಂದು ಹಲ್ಲಿಗೆ ಏರಿ ಇನ್ನೊಂದಕ್ಕೆ ಇಳಿಯಿತು. ತನಗೆ ಇದು ಬರುವುದಿಲ್ಲ ಎಂದು ಅವನು ಮೊದಲ ಸಲ ಒಪ್ಪಿಕೊಂಡ. ಒಪ್ಪಿಕೊಂಡದ್ದರಿಂದ ಉರಿಯೇನೂ ಕಡಿಮೆಯಾಗಲಿಲ್ಲ.

ಅವಳನ್ನು ಹೊರಗಿನ ವರಾಂಡಕ್ಕೆ ಕರೆದ. ನಿಂತಲ್ಲೇ ಎಲ್ಲವನ್ನೂ ಹೇಳಿದ: ದೋಣಿ, ಕ್ಯಾಪ್ಟನ್, ತಾನು ತುಂಬಿದ ಕಾಗದ. ಅವಳ ಕೈಯಲ್ಲಿ ಇನ್ನೂ ಚಾಕುವಿತ್ತು. ಅದರ ತುದಿಯ ಮೇಣವನ್ನು ಹೆಬ್ಬೆರಳಿಂದ ಒರೆಸುತ್ತ ಕೇಳಿದಳು.

"ನಿಮ್ಮ ಹೊಟ್ಟೆಕಿಚ್ಚು ನನಗೆ ಬಸ್ಸಲ್ಲೇ ಗೊತ್ತಾಗಿತ್ತು," ಎಂದಳು ಕೊನೆಗೆ. "ಇರಲಿ, ಮನುಷ್ಯರು ತಾನೆ, ಒಂದಿನ ಆರುತ್ತೆ ಅಂದ್ಕೊಂಡೆ. ಆ ಕಿಚ್ಚಿಗೆ ಮಗಳನ್ನೇ ಸೌದೆ ಮಾಡ್ತೀರ ಅಂತ ಗೊತ್ತಿರ್ಲಿಲ್ಲ."

"ತಪ್ಪಾಯ್ತು."

"ಆಯ್ತು. ಗೊತ್ತು. ಈಗ ಮನೆಗೆ ಹೋಗಿ. ನನಗೆ ಕೆಲಸ ಇದೆ."

ಅಂದು ನಾಲ್ಕು ಗಂಟೆಗೆ ಅವಳು ರಾಜೀನಾಮೆಯ ಬದಲು ಕಾಯಂ ಕಾಗದಕ್ಕೆ ಸಹಿ ಹಾಕಿದಳು. ಮನೆಯಲ್ಲಿ ಹನ್ನೊಂದು ದಿನ ಅವನೊಡನೆ ಮಾತಾಡಲಿಲ್ಲ. ಬೇಕಾದದ್ದೆಲ್ಲ ಚಿಕ್ಕವಳ ಮೂಲಕ. "ಅಪ್ಪಂಗೆ ಹೇಳು, ನಲ್ಲಿ ಸೋರ್ತಿದೆ." "ಅಮ್ಮಂಗೆ ಹೇಳು, ಗೊತ್ತು." ಐದನೆಯ ದಿನ ಚಿಕ್ಕವಳು ಚಮಚ ಕುಕ್ಕಿದಳು. "ನಾನೇನು ಪೋಸ್ಟ್‌ಮ್ಯಾನಾ? ಇನ್ಮೇಲೆ ಒಂದು ಮಾತಿಗೆ ಒಂದು ಚಾಕ್ಲೇಟು." ಯಾರೂ ನಗಲಿಲ್ಲ. ಚಾಕ್ಲೇಟನ್ನು ಮಾತ್ರ ಇಬ್ಬರೂ ಕೊಟ್ಟರು. ದೊಡ್ಡವಳು ಸ್ಟೂಲಿನ ಮೇಲೆ ಕೂರುವುದನ್ನು ಬಿಟ್ಟಿದ್ದಳು. ಒಂದೇ ಒಂದು ಷರತ್ತು ಹಾಕಿದಳು: ಸ್ಕೂಲಿಗೆ ಬಂದು, ಬರೆದದ್ದು ಸುಳ್ಳು ಎಂದು ನೀನೇ ಹೇಳಬೇಕು. ಅವನು ಹೋಗಿ, ತನ್ನ ವಯಸ್ಸಿನ ಅರ್ಧದಷ್ಟಿದ್ದ ಒಬ್ಬ ಉಪಾಧ್ಯಾಯಿನಿಯ ಮುಂದೆ ತಲೆ ತಗ್ಗಿಸಿ ಹೇಳಿ ಬಂದ.

ಆಮೇಲೆ ಕೆಲಸ ಹುಡುಕಿದ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಒಡೆದ ಸೆಟ್ಟುಗಳನ್ನು ರಿಪೇರಿ ಮಾಡುವ ಒಂದು ಸಣ್ಣ ಅಂಗಡಿ ಸಿಕ್ಕಿತು. ಮಾಲೀಕ ಕಿವುಡ, ಮಾತು ಕಡಿಮೆ, ಕೆಲಸ ಜಾಸ್ತಿ. ಎರಡನೆಯ ವಾರ ಗೊತ್ತಾಯಿತು, ಅಲ್ಲಿಗೆ ಬರುವ ಅರ್ಧ ಮಾಲು ದಂತ ಆಸ್ಪತ್ರೆಯದೇ. ರಿಪೇರಿಯಾದದ್ದು ಅಲ್ಲಿನ ಮುಖ್ಯಸ್ಥರ ಕಣ್ಣಿಂದ ಪಾಸಾಗಬೇಕು. ರಾಜೀನಾಮೆ ಕೊಡುವ ಆಲೋಚನೆ ಈ ಸಲ ಅವನಿಗೆ ಬಂತು. ಒಂದು ಮಧ್ಯಾಹ್ನ ಪೂರ್ತಿ ಹಲ್ಲು ಕಡಿದುಕೊಂಡು ಕೂತು, ಕೊನೆಗೆ ಕೆಲಸವನ್ನೇ ಎತ್ತಿಕೊಂಡ.

ಮೊದಲ ಹನ್ನೆರಡು ಪಾಸಾದವು. ಹದಿಮೂರನೆಯದು ವಾಪಸು ಬಂತು. ಜೊತೆಗೆ ಒಂದು ಚೀಟಿ. ಹತ್ತೊಂಬತ್ತು ವರ್ಷದಿಂದ ಬಲ್ಲ ಕೈಬರಹ. "ಕೆಳಗಿನ ಎಡಬದಿ ಎತ್ತರ. ಮತ್ತೊಮ್ಮೆ ನೋಡಿ."

ಎತ್ತರವಂತೆ! ಗುರುತು ಮೂಡಿಸುವ ನೀಲಿ ಕಾಗದವನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿ ನೋಡಿದ. ಅವಳು ತಪ್ಪಿರಲಿ ದೇವರೇ ಎಂದು ನಿಜವಾಗಿ ಬೇಡಿಕೊಂಡ. ಎಡಬದಿಯ ದವಡೆಹಲ್ಲಿನ ಮೇಲೆ ಎಳ್ಳುಕಾಳಿನಷ್ಟು ನೀಲಿ ಚುಕ್ಕೆ ಎದ್ದು ಕಂಡಿತು. ಅವನು ಉಜ್ಜಿದ, ಮತ್ತೆ ಕಚ್ಚಿಸಿದ, ಮತ್ತೆ ಉಜ್ಜಿದ.

ಸಂಜೆ ಅವಳು ಬೂಟು ಬಿಚ್ಚುತ್ತ, ಎಷ್ಟೋ ದಿನಗಳ ಮೇಲೆ ತಾನಾಗಿ ಕೇಳಿದಳು: "ಹೊಸ ಕೆಲಸ ಹೇಗಿದೆ?"

"ಪರವಾಗಿಲ್ಲ. ಆಸ್ಪತ್ರೆಯಲ್ಲಿ ಒಬ್ಬರು ಮೇಡಂ ಇದಾರೆ. ಬಲು ಬಿಗಿ."

"ತಪ್ಪಿದ್ರೆ ವಾಪಸ್ ಕಳಿಸ್ತಾರಾ?"

"ಕಳಿಸ್ತಾರೆ."

"ತಪ್ಪು ಇತ್ತಾ?"

ಅವನಿಗೆ ಹೌದು ಎನ್ನಲು ಹೊತ್ತು ಹಿಡಿಯಿತು. ಅವಳು ಅವಸರ ಮಾಡಲಿಲ್ಲ. ಇನ್ನೊಂದು ಬೂಟನ್ನೂ ಬಿಚ್ಚಿ, ಎರಡನ್ನೂ ಗೋಡೆಗೆ ಒತ್ತಿಟ್ಟು, ಅವನ ಮುಖ ನೋಡುತ್ತ ಕಾದಳು.

"ಇತ್ತು," ಎಂದ.